ಬಲಗೆನ್ನೆ

ಮುಖ ತೊಳೆಯುವುದೆಂದರೆ ಈಗ ಗಂಗರತ್ನಮ್ಮನ ಪಾಲಿಗೆ ಎಡಗೆನ್ನೆಯನ್ನು ತೊಳೆಯುವುದು. ಅಂಗೈಯಲ್ಲಿ ಬೆಚ್ಚನೆಯ ನೀರು ಹಿಡಿದು, ಕತ್ತನ್ನು ಎಡಕ್ಕೆ ವಾಲಿಸಿ, ಒಂದು ಹನಿಯೂ ಮೂಗಿನ ಆಚೆಗೆ ದಾಟದಂತೆ ತೊಟ್ಟು ತೊಟ್ಟಾಗಿ ಹಚ್ಚಿಕೊಂಡಳು. ಬಲಗಡೆ, ಮೂಗಿನ ಹೊಳ್ಳೆಯಿಂದ ಕಿವಿಯ ಬುಡದವರೆಗೆ, ಮೊನ್ನೆಯ ಬೆವರು, ಅದರಾಚೆಯ ಧೂಳು ಹಾಗೇ ಇತ್ತು. ಕನ್ನಡಿಯಲ್ಲಿ ನೋಡಿದರೆ ಏನೂ ಕಾಣುತ್ತಿರಲಿಲ್ಲ. ಊತವಿಲ್ಲ, ಕೆಂಪಿಲ್ಲ, ಗಾಯವಿಲ್ಲ. ಉಂಡುಟ್ಟು ಚೆನ್ನಾಗಿರುವ ಮನೆಯ ಹೆಂಗಸಿನ ತುಂಬುಗೆನ್ನೆ. ಕುಂಟಿದ್ದರೆ ಕುಂಟು ಅನ್ನುತ್ತಿದ್ದರು, ಕಣ್ಣು ಹೋಗಿದ್ದರೆ ಅಯ್ಯೋ ಅನ್ನುತ್ತಿದ್ದರು. ಒಳಗೆ ಹರಿದಾಡುವುದನ್ನು ಯಾರಿಗೆ ತೋರಿಸುವುದು? ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಿದಾಗ ಮೊಳಕೈವರೆಗೆ ಹತ್ತುತ್ತದಲ್ಲ, ಅದು ಮುಖದಲ್ಲಿ ಹತ್ತಿದ ಹಾಗೆ ಎಂದು ಒಮ್ಮೆ ಗಂಡನಿಗೆ ಹೇಳಿದ್ದಳು. ಅವನು ಕೇಳಿಸಿಕೊಂಡು, ‘ಗೀಸರ್ ಅರ್ತಿಂಗ್ ಚೆಕ್ ಮಾಡಿಸ್ತೀನಿ’ ಅಂದಿದ್ದ. ಕೆಟ್ಟವನಲ್ಲ. ತನ್ನ ಕೈಲಾಗುವ ಕೆಲಸ ಯಾವುದಿದೆಯೋ ಅದನ್ನು ಹುಡುಕಿಕೊಂಡಿದ್ದ, ಅಷ್ಟೆ. ಈಗ ಕೆಳಗಿನಿಂದ ಕೂಗುತ್ತಿದ್ದ. ‘ರತ್ನ, ಬಂದ್ಯಾ? ಲೇಟಾದ್ರೆ ಹೆಬ್ಬಾಳದ ಹತ್ರ ಸಿಕ್ಕಾಕ್ಕೊಂತೀವಿ.’ ಬಂದೆ ಎಂದು ಕೂಗಲು ಬಾಯಿ ತೆರೆಯಬೇಕು. ಅವಳು ತೆರೆಯಲಿಲ್ಲ. ಮೆಟ್ಟಿಲ ಕಂಬಿಗೆ ಬಳೆಯನ್ನು ತಟ್ಟಿದಳು. ಆ ಸದ್ದಿಗೆ ಮನೆ ಒಗ್ಗಿಹೋಗಿತ್ತು.

ಕಾರಿನಲ್ಲಿ ಕೂತಾಗ ಗಂಡ ಚನ್ನಕೇಶವ ಅಭ್ಯಾಸಬಲದಿಂದ ಏಸಿ ಹಾಕಿದ. ತಣ್ಣನೆಯ ಗಾಳಿ ಮುಖಕ್ಕೆ ಬರುವ ಮೊದಲೇ ಅವಳು ಸೆರಗನ್ನು ಬಲಗಡೆ ಗೋಡೆಯಂತೆ ಎತ್ತಿ ಹಿಡಿದಳು. ಅವನು ‘ಓ, ಸಾರಿ’ ಎಂದು ಆರಿಸಿದ. ಹುಣಸಮಾರನಹಳ್ಳಿ ದಾಟಿ ಏರ್‌ಪೋರ್ಟ್ ರಸ್ತೆಗೆ ಬಿದ್ದ ಮೇಲೆ ಅವನ ಫೋನು ಶುರುವಾಯಿತು. ಜೆಸಿಬಿ ಬಂತಾ, ಮಣ್ಣು ಎಲ್ಲಿಗೆ ಹೊಡೀತಿದೀರ, ಇಂಜಿನಿಯರ್‌ಗೆ ಹೇಳಿ. ಕಿಟಕಿಯ ಗಾಜಿನಾಚೆ ಅವನ ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಹೋಟೆಲೊಂದರ ಬೆನ್ನು ಕಾಣುತ್ತಿತ್ತು. ಆ ಹೊಲಕ್ಕೆ ಅವಳು ಸೊಸೆಯಾಗಿ ಬಂದ ವರ್ಷ ಬುತ್ತಿ ಹೊತ್ತಿದ್ದಳು. ಎದುರುಗಾಳಿ ಎಷ್ಟಿತ್ತೆಂದರೆ ಸೆರಗು ಹಿಂದಕ್ಕೆ ಹಾರಿ ಪಟಪಟ ಹೊಡೆದುಕೊಳ್ಳುತ್ತಿತ್ತು, ಮುಂದೆ ನಡೆಯುತ್ತಿದ್ದ ಓರಗಿತ್ತಿ ದ್ರೌಪದಮ್ಮ ಹಿಂತಿರುಗಿ ನಗುತ್ತಿದ್ದಳು. ಮುಖಕ್ಕೆ ಗಾಳಿ ಬಡಿಯುವುದು ಒಂದು ಸುಖವೆಂದು ಆಗ ತಿಳಿದಿರಲಿಲ್ಲ. ಕಳೆದುಕೊಂಡ ಮೇಲೆ ತಿಳಿದದ್ದು ಇನ್ನೂ ಎಷ್ಟೋ. ಒಬ್ಬ ಹಲ್ಲಿನ ಡಾಕ್ಟರು ದವಡೆಯದೇ ದೋಷವೆಂದು ಎರಡು ಗಟ್ಟಿ ಹಲ್ಲು ಕಿತ್ತಿದ್ದ. ಕಿತ್ತ ಜಾಗ ಮಾಯಿತು, ನೋವು ತನ್ನ ಪಾಡಿಗೆ ತಾನಿತ್ತು. ಮೂಗುಬೊಟ್ಟನ್ನು ತೆಗೆದಿಟ್ಟಳು, ಅದರ ತಿರುಪು ಹೊಳ್ಳೆಯೊಳಗೆ ಅಲುಗಿದರೂ ಸಾಕಾಗುತ್ತಿತ್ತು. ಮುತ್ತೈದೆಯ ಬೋಳು ಮೂಗನ್ನು ನೋಡಿ ಚನ್ನಕೇಶವ ಒಂದು ದಿನ ಊಟ ಬಿಟ್ಟಿದ್ದ. ಅಗಿಯುವಂಥದ್ದು ಏನೂ ಆಗದು. ಮುದ್ದೆಯೊಂದೇ ಅವಳನ್ನು ಬದುಕಿಸಿತ್ತು. ತಿಳಿಸಾರಿನಲ್ಲಿ ಅದ್ದಿ, ನಾಲಿಗೆಯ ಎಡಕ್ಕಿಟ್ಟು, ನುಂಗಿಬಿಟ್ಟರೆ ಆಯಿತು. ಹಿರಿಯರು ಮುದ್ದೆಯನ್ನು ಅಗಿಯಬಾರದೆಂದು ಕಲಿಸಿದ್ದು ತನ್ನಂಥವರಿಗಾಗಿಯೇ ಇರಬೇಕು ಎಂದು ಒಮ್ಮೆ ಅನ್ನಿಸಿ ನಗು ಬಂದಿತ್ತು, ನಕ್ಕದ್ದಕ್ಕೆ ತಕ್ಷಣ ಹೊಡೆದಿತ್ತು.

ನಗುವುದೂ ಹಾಗೇ ಬಿಟ್ಟುಹೋಯಿತು. ನಗದ ಹೆಂಗಸನ್ನು ಜನ ಏನೆನ್ನುತ್ತಾರೆ? ರಸ್ತೆ ಬದಿಯ ಜಮೀನು ಪಾಲಿಗೆ ಬಂತು, ಗಂಡ ಬಿಲ್ಡರ್ ಆದ, ಈಗ ಮುಖ ಬಿಗಿದುಕೊಂಡಿದ್ದಾಳೆ ಎನ್ನುತ್ತಾರೆ. ಪಾಲಿನಲ್ಲಿ ಒಳಗಿನ ಜಮೀನು ಹೋದದ್ದು ಬಾವನಿಗೆ, ದ್ರೌಪದಮ್ಮನ ಗಂಡನಿಗೆ. ಆದರೂ ದ್ರೌಪದಮ್ಮ ಒಂದು ಮಾತು ಆಡಿದವಳಲ್ಲ. ಆಡದವಳ ಎದುರಿಗೇ ಅದು ಆಗಬೇಕಿತ್ತು. ಯಲಹಂಕದ ಆ ಛತ್ರ, ದ್ರೌಪದಮ್ಮನ ಮಗಳು ಶಿಲ್ಪಳ ಸೀಮಂತ, ಹಸಿರು ಬಳೆಯ ಸದ್ದು, ಹಣ್ಣಿನ ತಟ್ಟೆಗಳು, ವೀಡಿಯೋದವನ ಬೆಳಕು. ಗಂಗರತ್ನಮ್ಮ ಗೋಡೆಯ ಪಕ್ಕ, ಬಲಗೆನ್ನೆ ಗೋಡೆಗೆ ಬರುವ ಹಾಗೆ ಜಾಗ ಹುಡುಕಿ ಕೂತಿದ್ದಳು. ಆರತಿ ಎತ್ತುವ ಮೊದಲು ಮುತ್ತೈದೆಯರಿಗೆಲ್ಲ ಅರಿಶಿನ ಹಚ್ಚುತ್ತ ಬಂದ ದ್ರೌಪದಮ್ಮ ಇವಳ ಮುಂದೆ ಬಗ್ಗಿ, ‘ಮುಖ ಇತ್ತ ತಿರುಗಿಸೇ, ಅದ್ಯಾಕಿಂಗೆ ಕುಂತಿದೀಯ?’ ಎಂದು ನಗುತ್ತ, ಹಸಿ ಅರಿಶಿನದ ಬೆರಳನ್ನು ಬಲಗೆನ್ನೆಯ ಮೇಲೆ ಎಳೆದಳು. ಕೈ ತಾನಾಗಿ ಎದ್ದಿತ್ತು. ಬಿಸಿ ತಗುಲಿದಾಗ ಎಳೆದುಕೊಳ್ಳುವ ಕೈಯಂತೆ ಎದ್ದಿತ್ತು, ಆದರೆ ಎಳೆದುಕೊಳ್ಳಲಿಲ್ಲ, ಹೊಡೆಯಿತು. ದ್ರೌಪದಮ್ಮನ ಕೈ ಆಚೆಗೆ ಹಾರಿತು, ತಟ್ಟೆ ಬಿತ್ತು, ಅರಿಶಿನದ ನೀರು ಬಸುರಿಯ ಕಾಲ ಬಳಿ ಹರಿಯಿತು. ಯಾರೋ ಹಿರಿಯರು ಶಕುನದ ಮಾತು ಎತ್ತಿದರು. ಏನಾಯಿತೆಂದು ಹೇಳಬೇಕಿತ್ತು. ಹೇಳಲು ಬಾಯಿ ಬಿಡಬೇಕಿತ್ತು. ನೋವು ಇನ್ನೂ ಒಳಗೆ ಸುತ್ತುತ್ತಿತ್ತು, ಕಣ್ಣು ಮುಚ್ಚಿ ಹಲ್ಲು ಕಚ್ಚಿ ಕೂತಿದ್ದಳು, ನೋಡುವವರಿಗೆ ಅದು ಕೋಪದ ಮುಖ. ಕಣ್ಣು ತೆರೆದಾಗ ದ್ರೌಪದಮ್ಮ ತನ್ನ ಕೈಯನ್ನೇ ನೋಡಿಕೊಳ್ಳುತ್ತ ನಿಂತಿದ್ದಳು. ಮಗು ಚೆನ್ನಾಗಿ ಹುಟ್ಟಿತು, ದೇವರು ದೊಡ್ಡವನು. ನಾಮಕರಣಕ್ಕೆ ಮಾತ್ರ ಇವರ ಮನೆಗೆ ಕರೆಯಲು ಬಾವ ಒಬ್ಬರೇ ಬಂದರು.

‘ಇಳಿ,’ ಎಂದ ಚನ್ನಕೇಶವ. ಆಸ್ಪತ್ರೆ ಬಂದಿತ್ತು. ಹೆಬ್ಬಾಳ ಕೆರೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಕಾರಿನ ಬಾಗಿಲಿಂದ ಆಸ್ಪತ್ರೆಯ ಬಾಗಿಲವರೆಗಿನ ದೂರವನ್ನು ಅವಳು ಹೊಳೆ ದಾಟುವಂತೆ ದಾಟಿದಳು. ಗಂಡ ಬಲಗಡೆಗೆ ಬಂದು, ಗಾಳಿಗೆ ಅಡ್ಡವಾಗಿ, ಫೋನಿನಲ್ಲಿ ಮಾತಾಡುತ್ತಲೇ ನಡೆದ. ಅದನ್ನು ಅವನು ಯಾವಾಗ ಕಲಿತನೋ. ಒಳಗೆ ಕೂತ ಮೇಲೆ ಫೋನು ಜೇಬಿಗೆ ಹಾಕಿ ಪಿಸುಗುಟ್ಟಿದ. ‘ಇನ್ನೊಂದ್ಸಲ ಯೋಚ್ನೆ ಮಾಡು ರತ್ನ. ನಮ್ಮ ಸೈಟ್ ಇಂಜಿನಿಯರ್ ಹೇಳ್ದ, ಇದು ಸಿನಿಮಾದೋರು ಸುಕ್ಕು ಹೋಗ್ಸಕ್ಕೆ ಹಾಕಿಸ್ಕೊಳ್ಳೋ ಇಂಜೆಕ್ಷನ್ನಂತೆ. ನಾಳೆ ಜನ ಏನಂತಾರೆ?’ ಜನ ಈಗಾಗಲೇ ಏನು ಅನ್ನುತ್ತಿದ್ದಾರೆಂದು ಅವಳಿಗೆ ಗೊತ್ತಿತ್ತು. ಎರಡು ಬೆರಳಿನಿಂದ ಅವನ ಮೊಣಕೈ ತಟ್ಟಿದಳು. ಇರಲಿ ಬಿಡಿ ಎಂದು ಅದರ ಅರ್ಥ.

ಡಾಕ್ಟರ್ ಪದ್ಮಶ್ರೀಯನ್ನು ಮೊದಲ ಸಲ ನೋಡಿದಾಗ ಇಷ್ಟು ಚಿಕ್ಕ ಹುಡುಗಿಯೇ ಎನ್ನಿಸಿತ್ತು. ಅದುವರೆಗೆ ಕಂಡ ಡಾಕ್ಟರುಗಳೆಲ್ಲ ಕೇಳಿದ್ದು ಎಲ್ಲಿ ನೋವು ಎಂದು. ಕೇಳುತ್ತಲೇ ಕೈ ಚಾಚಿ ಅಲ್ಲೇ ಮುಟ್ಟಿದ್ದರು. ಈಕೆ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟುಕೊಂಡು, ‘ಅಮ್ಮ, ನಾನು ಎಲ್ಲೆಲ್ಲಿ ಮುಟ್ಟಬಾರದು ಅಂತ ನೀವೇ ತೋರಿಸಿ. ದೂರದಿಂದಲೇ ತೋರಿಸಿ’ ಎಂದಿದ್ದಳು. ಆ ಒಂದು ಮಾತಿಗೆ ಗಂಗರತ್ನಮ್ಮನ ಕಣ್ಣುಗಳು ತುಂಬಿದ್ದವು, ಕಣ್ಣೀರು ಬಲಗೆನ್ನೆಗೆ ಇಳಿಯುವುದೆಂಬ ಹೆದರಿಕೆಯಲ್ಲಿ ತಲೆ ಹಿಂದಕ್ಕೆ ಹಾಕಿದ್ದಳು. ಡಾಕ್ಟರು ಅದನ್ನೂ ಗಮನಿಸಿ, ಹತ್ತಿಯ ಉಂಡೆಯನ್ನು ಅವಳ ಕೈಗೇ ಕೊಟ್ಟಿದ್ದಳು. ಆಮೇಲೆ ಸ್ಕ್ಯಾನು, ಮಾತ್ರೆ. ಮುಖದ ನರವೊಂದು ಸುಮ್ಮಸುಮ್ಮನೆ ನೋವಿನ ಸುದ್ದಿ ಕಳಿಸುತ್ತಿದೆ, ನೋವು ಸುಳ್ಳಲ್ಲ, ಸುದ್ದಿಯಷ್ಟೇ ಸುಳ್ಳು ಎಂದು ಬಿಡಿಸಿ ಹೇಳಿದ್ದಳು. ಮಾತ್ರೆ ನೋವನ್ನು ಅರ್ಧ ಇಳಿಸಿ ಅವಳನ್ನೂ ಅರ್ಧ ಇಳಿಸಿತು. ನಿಂತಲ್ಲಿ ತೂಕಡಿಕೆ, ನಡೆದರೆ ತೂರಾಟ, ಕೊನೆಗೆ ರಕ್ತದಲ್ಲಿ ಉಪ್ಪು ಇಳಿದು ಬಚ್ಚಲಲ್ಲಿ ಬಿದ್ದಳು. ಆಪರೇಷನ್ ಒಂದಿದೆ ಎಂದಾಗ, ಕಿವಿಯ ಹಿಂದೆ ಬುರುಡೆ ತೆರೆಯಬೇಕು ಎಂದಾಗ, ಬೇಡ ಎಂದು ಕೈಯಾಡಿಸಿದಳು. ಡಾಕ್ಟರು ಒತ್ತಾಯಿಸಲಿಲ್ಲ. ‘ಆ ದಾರಿ ಎಲ್ಲೂ ಹೋಗಲ್ಲ, ಅಲ್ಲೇ ಇರುತ್ತೆ’ ಎಂದು ಈ ಇಂಜೆಕ್ಷನ್ನಿನ ಮಾತು ತೆಗೆದಿದ್ದಳು.

ಇವತ್ತು ಡಾಕ್ಟರು ಮತ್ತೆ ಎಲ್ಲವನ್ನೂ ಮೊದಲಿನಿಂದ ಹೇಳಿದಳು, ಚನ್ನಕೇಶವನ ಕಡೆಗೂ ನೋಡುತ್ತ. ‘ಇದು ವಿಷಾನೇ ಸರ್. ಕೆಟ್ಟುಹೋದ ಊಟದಲ್ಲಿ ಬೆಳೆಯೋ ಒಂದು ಕ್ರಿಮಿ ಇದನ್ನ ಮಾಡುತ್ತೆ. ಹೊಟ್ಟೆಗೆ ಹೋದ್ರೆ ಮನುಷ್ಯ ಉಸಿರಾಡಕ್ಕಾಗದೆ ಸಾಯ್ತಾನೆ. ಅದನ್ನೇ ಶುದ್ಧ ಮಾಡಿ, ತುಂಬಾ ತುಂಬಾ ಕಮ್ಮಿ, ಚರ್ಮದ ಕೆಳಗೆ ಕೊಡ್ತೀವಿ. ನರದ ತುದಿ ಕೂಗೋದನ್ನ ಸ್ವಲ್ಪ ಕಾಲ ತಡೆಯುತ್ತೆ.’

‘ಗ್ಯಾರಂಟಿನಾ ಡಾಕ್ಟ್ರೇ?’

‘ಇಲ್ಲ ಸರ್. ಕೆಲವರಿಗೆ ಚೆನ್ನಾಗಿ ಕೆಲಸ ಮಾಡಿದೆ, ಕೆಲವರಿಗೆ ಏನೂ ಆಗಿಲ್ಲ. ಗುಣ ಕಂಡ್ರೂ ವಾರ ಬೇಕು, ಹತ್ತು ದಿನ ಬೇಕು. ಕೆಲವು ತಿಂಗಳಾದ್ಮೇಲೆ ಇಳಿದುಹೋಗುತ್ತೆ, ಮತ್ತೆ ಹಾಕಿಸ್ಕೋಬೇಕಾಗ್ಬಹುದು. ತುಟಿಯ ಈ ಕಡೆ ಸ್ವಲ್ಪ ಜೋಲಬಹುದು. ನಕ್ರೆ ಸೊಟ್ಟ ಕಾಣ್ಬಹುದು. ಅದು ನಿಧಾನಕ್ಕೆ ಸರಿಹೋಗುತ್ತೆ.’

ಚನ್ನಕೇಶವ ಹೆಂಡತಿಯ ಮುಖ ನೋಡಿದ. ಇಷ್ಟೊಂದು ಇಲ್ಲಗಳನ್ನು, ಬಹುದುಗಳನ್ನು ಹೇಳಿದ ಡಾಕ್ಟರನ್ನು ಅವನು ಕಂಡಿರಲಿಲ್ಲ. ಅವನ ವ್ಯವಹಾರದಲ್ಲಿ ಹೀಗೆ ಮಾತಾಡಿದರೆ ಒಂದು ಮನೆಯೂ ಮಾರಾಟವಾಗುವುದಿಲ್ಲ. ಗಂಗರತ್ನಮ್ಮನಿಗೆ ಮಾತ್ರ ಎದೆ ಹಗುರಾಯಿತು. ನಿನ್ನೆಯ ಸಾರನ್ನು ಮೂಸಿ ನೋಡಿ, ಹುಳಿ ವಾಸನೆ ಬಂದರೆ ಹಿತ್ತಲಿಗೆ ಚೆಲ್ಲಿ, ನಾಯಿಯನ್ನೂ ಹತ್ತಿರ ಬಿಡದಿದ್ದ ಅತ್ತೆ ಮುನಿಯಲ್ಲಮ್ಮ ಇದ್ದಿದ್ದರೆ ಏನನ್ನುತ್ತಿದ್ದಳು? ಚೆಲ್ಲಿದ ಸಾರಿನೊಳಗಿನ ವಿಷವನ್ನು ಹಿಡಿದು, ಸೋಸಿ, ಅದರ ಕೊಲ್ಲುವ ಕಸುಬನ್ನೇ ಒಂದು ನರದ ಬಾಯಿ ಮುಚ್ಚಿಸಲು ಹಚ್ಚಿದವರು ಯಾರೋ ಇದ್ದಾರೆ. ಎಲ್ಲೋ ಕೂತು, ಮುಖ ನೋಡದ ಯಾರದೋ ಕೆನ್ನೆಗಾಗಿ. ‘ಹಾಕಿ,’ ಎಂದಳು. ಒಂದೇ ಪದ, ಎಡಗಡೆಯ ತುಟಿಯಿಂದ.

ಮಲಗಿಸಿದ ಮೇಲೆ ಡಾಕ್ಟರು ಬಗ್ಗಿ ಕೇಳಿದಳು. ‘ಅಮ್ಮ, ಹಗುರಾಗಿ ತಾಗಿದ್ರೆ ತಾನೇ ಹೊಡೆಯೋದು? ಗಟ್ಟಿಯಾಗಿ ಒತ್ತಿ ಹಿಡಿದ್ರೆ?’ ಗಂಗರತ್ನಮ್ಮ ಯೋಚಿಸಿದಳು. ಹೌದಲ್ಲ. ನೊಣ ಕೂತರೆ ಜೀವ ಹೋಗುತ್ತದೆ, ದಿಂಬಿಗೆ ಒತ್ತಿಕೊಂಡರೆ ಅಷ್ಟಿಲ್ಲ. ತನ್ನ ನೋವಿನ ಬಗ್ಗೆ ತನಗೇ ತಿಳಿಯದಿದ್ದುದನ್ನು ಇವಳು ಕೇಳುತ್ತಿದ್ದಾಳೆ. ‘ಹಾಗಾದ್ರೆ ನಾನು ಸವರಲ್ಲ, ಮೆತ್ತಗೆ ಮುಟ್ಟಲ್ಲ. ಒಂದೇ ಸಲ ಒತ್ತಿ ಹಿಡೀತೀನಿ. ಹಿಡಿಯೋ ಮೊದ್ಲು ಹೇಳ್ತೀನಿ.’ ಹೇಳಿದಳು, ಹಿಡಿದಳು. ಮೊದಲ ಚುಚ್ಚು ಬರೀ ಚುಚ್ಚು, ಇರುವೆ ಕಚ್ಚಿದ ಹಾಗೆ. ಇಂಥ ಸಾಮಾನ್ಯ ನೋವು ಇನ್ನೂ ಲೋಕದಲ್ಲಿದೆಯೇ ಎಂದು ಆಶ್ಚರ್ಯವಾಯಿತು. ಇನ್ನೊಂದು, ಮತ್ತೊಂದು. ಮೂಗಿನ ಪಕ್ಕಕ್ಕೆ ಬಂದಾಗ ಅದು ಎದ್ದಿತು. ಮೈ ಬಿಲ್ಲಾಯಿತು, ಕೈ ಮೇಲೆದ್ದಿತು, ಛತ್ರದಲ್ಲಿ ಎದ್ದ ಅದೇ ಕೈ. ಡಾಕ್ಟರು ಸೂಜಿಯನ್ನು ಪಕ್ಕಕ್ಕೆ ಹಿಡಿದು, ಇನ್ನೊಂದು ಕೈಯಿಂದ ಆ ಕೈಯನ್ನು ಹಿಡಿದುಕೊಂಡಳು. ತಡೆಯಲು ಹಿಡಿದದ್ದಲ್ಲ. ಅದು ಎಲ್ಲಿಗೆ ಹೋಗಬೇಕೆಂದಿತ್ತೋ ಅಲ್ಲಿಗೆ ತನ್ನ ಕೈಯನ್ನೂ ಜೊತೆಗೆ ಬಿಟ್ಟಳು. ಆಯ್ತು ಆಯ್ತು ಅನ್ನಲಿಲ್ಲ, ಸ್ವಲ್ಪ ತಡ್ಕೊಳ್ಳಿ ಅನ್ನಲಿಲ್ಲ. ನರ್ಸು ಏನೋ ಹೇಳಲು ಹೋದಾಗ ತಲೆಯಾಡಿಸಿ ಸುಮ್ಮನಿರಿಸಿದಳು. ನೋವು ತನ್ನ ದಾರಿ ಮುಗಿಸುವವರೆಗೆ ಇಬ್ಬರೂ ಹಾಗೇ ಇದ್ದರು. ಹೊರಗೆ ಕಾಯುವವರು ಎಷ್ಟೋ ಮಂದಿ ಇದ್ದರು, ಆದರೂ ಆ ಹುಡುಗಿಗೆ ಅವಸರವಿರಲಿಲ್ಲ. ತನ್ನ ಹೊಟ್ಟೆಯಲ್ಲಿ ಹುಟ್ಟಿದವನೂ ಹೀಗೆ ಪಕ್ಕದಲ್ಲಿ ನಿಂತಿರಲಿಲ್ಲವಲ್ಲ ಎಂದುಕೊಂಡಳು. ಮರುಗಳಿಗೆಗೇ ಅದು ಅನ್ಯಾಯವೆನ್ನಿಸಿತು. ಬೇರೆ ಊರಿನಲ್ಲಿದ್ದ ಮಗನಿಗೆ ತಾನೇ ಹೇಳಿರಲಿಲ್ಲ.

ವಾರ ಕಳೆಯಿತು, ಏನೂ ಆಗಲಿಲ್ಲ. ಚನ್ನಕೇಶವ ಬೆಳಿಗ್ಗೆ ಎದ್ದ ಕೂಡಲೇ ಅವಳ ಮುಖ ನೋಡಿ, ಕೇಳದೇ ಎದ್ದುಹೋಗುತ್ತಿದ್ದ. ಕೇಳದಿರುವುದರಲ್ಲೂ ಒಂದು ಪ್ರಶ್ನೆಯಿತ್ತು. ಅವಳಿಗೆ ಡಾಕ್ಟರ ಬಗ್ಗೆ ನಾಚಿಕೆಯಾಗುತ್ತಿತ್ತು, ಅಷ್ಟು ಕಾಳಜಿಯಿಂದ ಕೊಟ್ಟದ್ದನ್ನು ತನ್ನ ಕೆನ್ನೆ ಕೆಡಿಸಿತೇನೋ ಎಂಬಂತೆ. ಆಮೇಲೆ ಒಂದು ದಿನ ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಒದ್ದೆ ಪಂಚೆಯೊಂದನ್ನು ಗಾಳಿ ಎತ್ತಿ ಅವಳ ಮುಖಕ್ಕೆ ಪಟ್ಟನೆ ಬಡಿಯಿತು. ಅವಳು ಕಣ್ಣು ಮುಚ್ಚಿ ಕಾದಳು. ಕೆಳಗೆ ಯಾವುದೋ ಆಟೋ ಹಾದುಹೋಯಿತು. ಮೇಲೆ ವಿಮಾನವೊಂದು ಇಳಿಯುತ್ತಿತ್ತು. ಅವಳು ಇನ್ನೂ ಕಾಯುತ್ತಿದ್ದಳು. ಪಂಚೆಯ ತಂಪು ಕೆನ್ನೆಯ ಮೇಲೆ ತಂಪಾಗಿಯೇ ಉಳಿಯಿತು. ಬೆರಳಿನಿಂದ ಮುಟ್ಟಿ ನೋಡಿದಳು. ಚರ್ಮ ಒರಟಾಗಿತ್ತು, ತೊಳೆಯದೆ ಬಿಟ್ಟ ಪಾತ್ರೆಯ ಹಾಗೆ. ಅವಳು ಅಲ್ಲೇ, ಒದ್ದೆ ಬಟ್ಟೆಗಳ ಸಾಲಿನ ನಡುವೆ, ಬಿಸಿಲಿಗೆ ಮುಖ ಕೊಟ್ಟು ಕೂತುಬಿಟ್ಟಳು. ಅವಳಿಗೆ ಅಳು ಬಂತು, ತಡೆಯಲಿಲ್ಲ. ಎರಡೂ ಕೆನ್ನೆಯ ಮೇಲೆ ಇಳಿಯಿತು.

ನೋವು ಪೂರ್ತಿ ಹೋಗಲಿಲ್ಲ. ಆಗೊಮ್ಮೆ ಈಗೊಮ್ಮೆ ಬಾಗಿಲವರೆಗೆ ಬಂದು ಹಿಂತಿರುಗುತ್ತಿತ್ತು. ಡಾಕ್ಟರು ಹೇಳಿದ್ದಂತೆ ಬಲಗಡೆಯ ತುಟಿ ಸ್ವಲ್ಪ ಜೋತುಬಿತ್ತು. ಕಾಫಿ ಕುಡಿದರೆ ಒಂದು ಗೆರೆ ಗಲ್ಲಕ್ಕೆ ಇಳಿಯುತ್ತಿತ್ತು. ನಕ್ಕರೆ ಮುಖದ ಅರ್ಧ ನಗುತ್ತಿತ್ತು, ಇನ್ನರ್ಧ ನೋಡುತ್ತಿತ್ತು. ಊರಿಗೆ ಸುದ್ದಿ ಹೇಗೋ ಹೋಗಿತ್ತು. ಚೆಂದ ಆಗಲು ಹೋಗಿ ಬಾಯಿ ಸೊಟ್ಟ ಮಾಡಿಕೊಂಡಳಂತೆ ಎಂದು ಹಾಲಿನ ಡೇರಿಯಲ್ಲಿ ಆಡಿದ್ದು ಅವಳ ಕಿವಿಗೂ ಬಿತ್ತು. ಮೊದಲಾಗಿದ್ದರೆ ಹಾಸಿಗೆ ಹಿಡಿಯುತ್ತಿದ್ದಳು. ಈಗ ಆ ಸೊಟ್ಟ ಬಾಯಿಯಲ್ಲೇ ಮಾತಾಡಬಹುದಿತ್ತು. ಮಾತಾಡಬೇಕಾದವರ ಮನೆ ಊರೊಳಗೆ, ದೊಡ್ಡ ಆಲದ ಮರದ ಹಿಂದಿತ್ತು. ಕಾರು ಬೇಡವೆಂದು ನಡೆದೇ ಹೋದಳು.

ದ್ರೌಪದಮ್ಮ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು. ತಲೆ ಎತ್ತಿ ನೋಡಿ, ಮತ್ತೆ ಕಾಯಿಗೆ ಕೈ ಹಾಕಿದಳು. ಕೂತ್ಕೋ ಅನ್ನಲಿಲ್ಲ. ಗಂಗರತ್ನಮ್ಮ ನಿಂತೇ ಹೇಳಿದಳು. ಮಾತು ಬಿಟ್ಟು ಬಹಳ ಕಾಲವಾದ್ದರಿಂದ, ತುಟಿಯೂ ಜೋತಿದ್ದರಿಂದ, ಪದಗಳು ಒಂದರ ಮೇಲೊಂದು ಬಿದ್ದವು. ನರ, ಕರೆಂಟು, ಮೂಗುಬೊಟ್ಟು, ಕಿತ್ತ ಹಲ್ಲು, ಆವತ್ತಿನ ಕೈ. ‘ನಿನ್ನ ಹೊಡೀಬೇಕು ಅಂತ ಎದ್ದ ಕೈಯಲ್ಲ ಅಕ್ಕ. ಆದ್ರೂ ನನ್ನ ಕೈಯೇ.’

ದ್ರೌಪದಮ್ಮ ಬಹಳ ಹೊತ್ತು ಸಿಪ್ಪೆ ಸುಲಿದಳು. ‘ಆವತ್ತೇ ಏಳ್ಬೋದಿತ್ತಲ್ಲ.’

‘ಬಾಯಿ ಬಿಡಕ್ಕಾಗ್ತಿರ್ಲಿಲ್ಲ.’

‘ಆಮ್ಯಾಕೆ?’

ಆಮೇಲೆ. ಆಮೇಲೆ ಎಷ್ಟೋ ದಿನಗಳಿದ್ದವು. ಮಾತ್ರೆಯಿಂದ ನೋವು ಕೊಂಚ ತಗ್ಗಿದ್ದ ದಿನಗಳೂ ಇದ್ದವು. ‘ನಾಚ್ಕೆ ಆಯ್ತಕ್ಕ,’ ಎಂದಳು. ‘ಏಳಿದ್ರೆ ನೆಪ ಅಂತೀಯೇನೋ ಅಂತ.’

‘ಅಂತಿದ್ದೆ,’ ಎಂದಳು ದ್ರೌಪದಮ್ಮ. ‘ಸುಳ್ಳ್ಯಾಕೆ ಏಳ್ಲಿ, ಅಂತಿದ್ದೆ. ನಂಗೆ ಅಷ್ಟು ಉರಿದಿತ್ತು.’ ಮೊರವನ್ನು ಪಕ್ಕಕ್ಕಿಟ್ಟು, ಕೈಯನ್ನು ಸೆರಗಿಗೆ ಒರೆಸಿ ಎದ್ದು ಬಂದಳು. ತೀರ ಹತ್ತಿರ ನಿಂತು, ಅಂಗಡಿಯಲ್ಲಿ ಬಟ್ಟೆಯ ನೂಲು ನೋಡುವಂತೆ ಅವಳ ಕೆನ್ನೆಯನ್ನು ನೋಡಿದಳು. ‘ಏನೂ ಕಾಣಾಕಿಲ್ವಲ್ಲೇ,’ ಎಂದಳು. ಅದರಲ್ಲಿ ಅನುಮಾನವಿರಲಿಲ್ಲ, ಕಾಣದ್ದೊಂದು ಇಷ್ಟು ದಿನ ಇಲ್ಲಿತ್ತಲ್ಲ ಎಂಬ ಬೆರಗಿತ್ತು. ಆಮೇಲೆ ಒಳಗೆ ಹೋಗಿ ಇನ್ನೊಂದು ಮೊರ ತಂದು ಇವಳ ಮುಂದಿಟ್ಟಳು. ಇಬ್ಬರೂ ಕೂತು ಕಾಯಿ ಬಿಡಿಸಿದರು. ಹಳೆಯದೆಲ್ಲ ಮರಳಿ ಬಂತೆಂದಲ್ಲ. ಹೊರಡುವಾಗ ದ್ರೌಪದಮ್ಮ ಬಾಗಿಲವರೆಗೆ ಬಂದಳು, ಅದರಾಚೆ ಬರಲಿಲ್ಲ. ಅಷ್ಟಾದರೂ ಬಂದಳು.

ತುಟಿ ನೆಟ್ಟಗಾಯಿತು. ಊರಿಗೆ ಬಂದ ಮಗನಿಗೆ ಹೇಳಿದಳು, ಅವನು ಕೇಳಿ ಮುಖ ಸಣ್ಣದು ಮಾಡಿಕೊಂಡ. ಬೇಸಿಗೆ ಬರುವ ಹೊತ್ತಿಗೆ ನೋವು ಮತ್ತೆ ಬಾಗಿಲು ದಾಟತೊಡಗಿತು. ಹೆದರಿಕೆಯಾಗಲಿಲ್ಲವೆಂದರೆ ಸುಳ್ಳು. ಮೊದಲ ಹೊಡೆತ ಬಿದ್ದ ದಿನ ಇಡೀ ಮಧ್ಯಾಹ್ನ ಕೋಣೆ ಬಿಟ್ಟು ಬರಲಿಲ್ಲ. ಆದರೆ ಅದಕ್ಕೊಂದು ಹೆಸರಿತ್ತು ಈಗ, ಅದನ್ನು ನಂಬುವ ಒಬ್ಬಳಿದ್ದಳು, ಹೋಗಲೊಂದು ಜಾಗವಿತ್ತು. ಚನ್ನಕೇಶವ ದೇವನಹಳ್ಳಿಯ ಕಡೆ ಹೋಗಿದ್ದ. ಬರುವವರೆಗೆ ಕಾಯದೆ, ತಲೆಗೆ ಸೆರಗು ಬಿಗಿದು, ಬಸ್ಸಿನಲ್ಲಿ ಎಡಗಡೆಗೆ ಕಿಟಕಿ ಬರುವ ಸೀಟು ಹಿಡಿದು ಒಬ್ಬಳೇ ಹೆಬ್ಬಾಳಕ್ಕೆ ಹೋದಳು.

ಡಾಕ್ಟರ ಕೋಣೆಯ ಹೊರಗೆ ಜನ ತುಂಬಿದ್ದರು. ಸೆಕೆ. ಎದುರು ಸಾಲಿನಲ್ಲಿ ಗಡ್ಡ ಬಿಟ್ಟ ಹಿರಿಯರೊಬ್ಬರು ಮಗಳ ಪಕ್ಕ ಕೂತಿದ್ದರು. ಮಡಿಸಿದ ಟವೆಲನ್ನು ಎಡಗೆನ್ನೆಯಿಂದ ಅಂಗೈ ಅಗಲ ದೂರದಲ್ಲಿ, ತಾಗದಂತೆ, ಎತ್ತಿ ಹಿಡಿದಿದ್ದರು. ಕೈ ಸೋತರೂ ಇಳಿಸುತ್ತಿರಲಿಲ್ಲ. ಮಗಳು ಪಕ್ಕದವರಿಗೆ ಹೇಳುತ್ತಿದ್ದಳು. ‘ಅತಾವುಲ್ಲಾ ಅಂತ, ನಮ್ಮ ಅಬ್ಬಾ. ಆರ್‌ಟಿ ನಗರದಿಂದ ಬಂದ್ವಿ. ಏನಾಗಿದೆ ಅಂತ ಯಾರಿಗೂ ಗೊತ್ತಾಗ್ತಿಲ್ಲ ಕಣ್ರೀ. ಊಟ ಬಿಟ್ಟಿದಾರೆ, ಮಾತು ಬಿಟ್ಟಿದಾರೆ. ಮನೇಲೆಲ್ಲ ಟೆನ್ಷನ್ ಅಂತಾರೆ, ವಯಸ್ಸಾಯ್ತು ಅಂತಾರೆ.’ ಪಕ್ಕದವರು ಅವರ ಕೆನ್ನೆಯನ್ನು ನೋಡಿದರು. ಕಾಣುವಂಥದ್ದು ಏನೂ ಇರಲಿಲ್ಲ. ಗಂಗರತ್ನಮ್ಮ ಕೆನ್ನೆ ನೋಡಲಿಲ್ಲ. ಟವೆಲನ್ನು ನೋಡಿದಳು, ಅದರ ಕೋನವನ್ನು, ಅದು ಯಾವ ಕಡೆಯಿಂದ ಏನನ್ನು ತಡೆಯುತ್ತಿದೆ ಎಂಬುದನ್ನು. ತಲೆ ಎತ್ತಿ ನೋಡಿದಳು. ಸರಿಯಾಗಿ ಅವರ ಮೇಲೆ ಫ್ಯಾನು ತಿರುಗುತ್ತಿತ್ತು.

ಎದ್ದು ಹೋಗಿ ಸ್ವಿಚ್ಚು ಆರಿಸಿದಳು. ರೆಕ್ಕೆಗಳು ನಿಧಾನವಾದವು. ‘ಅಯ್ಯೋ, ಯಾಕ್ರೀ ಆಫ್ ಮಾಡಿದ್ರಿ, ಮೊದ್ಲೇ ಸೆಕೆ,’ ಎಂದಿತು ಒಂದು ದನಿ. ಉತ್ತರ ಕೊಡಬೇಕೆಂದರೆ ಬಾಯಿ ಬಿಡಬೇಕು, ಬಿಟ್ಟರೆ ಹೊಡೆಯುತ್ತದೆಂದು ಅವಳಿಗೆ ಗೊತ್ತಿತ್ತು. ಆದರೂ ಬಿಟ್ಟಳು. ‘ಅವರ ಮುಖಕ್ಕೆ ಗಾಳಿ ಆಗಲ್ಲ. ಸ್ವಲ್ಪ ಹೊತ್ತು ತಡ್ಕೊಳ್ಳಿ.’ ಹೊಡೆಯಿತು. ಗೋಡೆಗೆ ಕೈ ಕೊಟ್ಟು, ಕಣ್ಣು ಮುಚ್ಚಿ, ಅದು ದಾಟಿಹೋಗುವವರೆಗೆ ನಿಂತಳು.

ಕಣ್ಣು ತೆರೆದಾಗ ಫ್ಯಾನು ಪೂರ್ತಿ ನಿಂತಿತ್ತು. ಅತಾವುಲ್ಲಾ ಅವಳನ್ನೇ ನೋಡುತ್ತಿದ್ದರು. ಗೋಡೆ ಹಿಡಿದ ಅವಳ ಕೈಯನ್ನು, ಬಿಗಿದ ದವಡೆಯನ್ನು ನೋಡಿದರು. ನೋಡನೋಡುತ್ತ ಇವಳದೂ ತನ್ನದೇ ನೋವೆಂದು ಅವರಿಗೆ ತಿಳಿಯಿತು. ಅವರು ಏನೋ ಹೇಳಲು ಹೊರಟರು. ಅವಳು ಬೇಡವೆಂದು ಕೈ ತೋರಿಸಿ, ಹೋಗಿ ಅವರ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂತಳು. ಅವರು ಟವೆಲನ್ನು ನಿಧಾನವಾಗಿ ಇಳಿಸಿ ತೊಡೆಯ ಮೇಲಿಟ್ಟುಕೊಂಡರು, ಸೋತ ಕೈಯನ್ನು ಅದರ ಮೇಲೆ ಚಾಚಿ ಮಲಗಿಸಿದರು.